ಕೊನೆಯ ಸಲ ಕುಡಿದದ್ದು ಯಾವಾಗ ಎಂದು ದಯವಿಟ್ಟು ಕೇಳಿ: ಆಸ್ಪತ್ರೆಗಳಿಗೊಂದು ಬಹಿರಂಗ ಪತ್ರ

ಆಸ್ಪತ್ರೆಗಳನ್ನು ನಡೆಸುವವರಿಗೆ, ವಾರ್ಡಿನ ವೈದ್ಯರಿಗೆ, ಸಿಸ್ಟರ್‌ಗಳಿಗೆ,

ನಮಸ್ಕಾರ.

ನನ್ನ ಎದುರಿಗೆ ಅಣ್ಣನ ಹಳೆಯ ಕೇಸ್ ಶೀಟಿನ ಪ್ರತಿ ಇದೆ. ಮೊದಲ ಪುಟದಲ್ಲಿ ಹೆಸರು, ವಯಸ್ಸು, ರಕ್ತದ ಗುಂಪು, ಸಕ್ಕರೆ ಕಾಯಿಲೆ ಇದೆಯೇ, ಯಾವ ಔಷಧಿ ಆಗಿಬರುವುದಿಲ್ಲ ಎಂಬ ವಿವರಗಳಿವೆ. ಕೆಳಗೆ 'ಅಭ್ಯಾಸಗಳು' ಅಂತ ಒಂದು ಸಾಲು. ಅದರ ಮುಂದೆ 'ಇಲ್ಲ' ಎಂದು ಬರೆದಿದೆ.

ಆ 'ಇಲ್ಲ' ನಾನು ಹೇಳಿದ್ದು.

ಅಣ್ಣ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ದಾಖಲಾತಿಯ ಕಿಟಕಿಯಲ್ಲಿ ಕೂತವರು ತಲೆ ಎತ್ತದೆ, "ಕುಡಿತ, ಸಿಗರೇಟು ಏನಾದ್ರೂ?" ಎಂದು ಕೇಳಿದರು. ಪಕ್ಕದಲ್ಲಿ ಅಮ್ಮ ಇದ್ದರು. ಹಿಂದೆ ಅತ್ತಿಗೆಯ ತಂದೆ ನಿಂತಿದ್ದರು. ಅವರ ಹಿಂದೆ ಗುರುತಿಲ್ಲದ ಹತ್ತು ಜನ. ನಾನು "ಇಲ್ಲ ಸರ್" ಅಂದುಬಿಟ್ಟೆ. ಸ್ಟ್ರೆಚರ್ ಮೇಲಿದ್ದ ಅಣ್ಣ ನನ್ನನ್ನು ಒಮ್ಮೆ ನೋಡಿದ. ಏನೂ ಹೇಳಲಿಲ್ಲ. ಅವನು ಹತ್ತು ವರ್ಷಕ್ಕಿಂತ ಜಾಸ್ತಿ ದಿನಾ ಕುಡಿಯುತ್ತಿದ್ದ. ಕೊನೆಯ ಎರಡು ವರ್ಷ ಬೆಳಿಗ್ಗೆ ಎದ್ದಕೂಡಲೇ ಒಂದು ಗುಟುಕು ಬೇಕಾಗುತ್ತಿತ್ತು, ಕೈ ನಿಲ್ಲಲಿಕ್ಕೆ.

ಮುಂದೆ ಆದದ್ದನ್ನು ಹೇಳುತ್ತೇನೆ. ಇದನ್ನು ಓದುವ ಎಷ್ಟೋ ಸಿಸ್ಟರ್‌ಗಳಿಗೆ ಇದು ಗೊತ್ತಿರುವ ಕಥೆಯೇ ಇರಬಹುದು.

ಮೊದಲ ದಿನ ಸಂಜೆಯೇ ಕೈ ನಡುಗತೊಡಗಿತು. ಲೋಟ ಹಿಡಿದರೆ ನೀರು ಹಾಸಿಗೆಯ ಮೇಲೆ ಚೆಲ್ಲುತ್ತಿತ್ತು. ನೋವಿಗೆ ಹೀಗಾಗುತ್ತೆ ಅಂದರು. ಬೆವರು ಸುರಿಯಿತು, ಫ್ಯಾನ್ ಜೋರು ಮಾಡಿದೆವು. ಎರಡು ಸಲ ವಾಂತಿಯಾಯಿತು, ನೋವಿನ ಮಾತ್ರೆಯಿಂದ ಇರಬೇಕು ಅಂದುಕೊಂಡೆವು. ರಾತ್ರಿ ಇಡೀ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ, "ಹೊರಗೆ ಯಾರೋ ನನ್ನ ಹೆಸರು ಹಿಡಿದು ಕರೀತಿದ್ದಾರೆ, ನೋಡಿ ಬಾ" ಅಂದ. ನೋಡಿದೆ, ಯಾರೂ ಇರಲಿಲ್ಲ. ಎರಡನೇ ದಿನ ಮಧ್ಯಾಹ್ನ ಫಿಟ್ಸ್ ಬಂತು. ಮೊದಲೇ ಫಿಟ್ಸ್ ಇತ್ತಾ ಎಂದು ಕೇಳಿದರು. ನಾವು ಇಲ್ಲ ಅಂದೆವು, ಅದು ನಿಜವೇ. ತಲೆಯ ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನ್ ಸರಿಯಾಗಿತ್ತು.

ಮೂರನೇ ರಾತ್ರಿ ಅವನಿಗೆ ನಾನು ಯಾರೆಂದು ತಿಳಿಯಲಿಲ್ಲ. ಹೊದಿಕೆಯ ತುಂಬ ಇರುವೆ ಎಂದು ಕಿತ್ತು ಕಿತ್ತು ಎಸೆಯುತ್ತಿದ್ದ. ಡ್ರಿಪ್ಪಿನ ಸೂಜಿ ಕಿತ್ತುಹಾಕಿದ. ಮುರಿದ ಕಾಲಿನ ಮೇಲೆ ಎದ್ದು ನಿಲ್ಲಲು ಹೋದ. ನಾಲ್ಕು ಜನ ಹಿಡಿದು ಕೈಗಳನ್ನು ಮಂಚಕ್ಕೆ ಕಟ್ಟಿದರು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಪಕ್ಕದ ಹಾಸಿಗೆಯವರು "ಇವರನ್ನು ಬೇರೆ ಕಡೆ ಹಾಕಿ" ಎಂದು ಗಲಾಟೆ ಮಾಡಿದರು. ಯಾರೋ ಹುಚ್ಚು ಅಂದರು. ಇನ್ಯಾರೋ ಗಾಳಿ ಸೋಕಿದೆ ಅಂದರು.

ಆಗ ಬಂದದ್ದು ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರ್. ಚಿಕ್ಕ ವಯಸ್ಸಿನ ಹುಡುಗಿ. ಅವರು ನಾಡಿ ನೋಡಿದರು, ಕೈ ಚಾಚಿಸಿ ಬೆರಳು ನೋಡಿದರು. ಆಮೇಲೆ ನನ್ನನ್ನು ಒಬ್ಬಳನ್ನೇ ಹೊರಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು: "ಇವರು ಕೊನೆಯ ಸಲ ಕುಡಿದದ್ದು ಯಾವಾಗ?"

ಕುಡಿಯುತ್ತಾರಾ ಎಂದು ಅವರು ಕೇಳಲಿಲ್ಲ. ಎಷ್ಟು ಕುಡಿಯುತ್ತಾರೆ ಎಂದೂ ಕೇಳಲಿಲ್ಲ. ಯಾವಾಗ ಎಂದಷ್ಟೇ ಕೇಳಿದರು. ನಾನು ಲೆಕ್ಕ ಹಾಕಿ ಹೇಳಿದೆ. ಸುಮಾರು ಅರವತ್ತು ಗಂಟೆ ಆಗಿತ್ತು. ಹತ್ತು ನಿಮಿಷದಲ್ಲಿ ಅಣ್ಣ ಐಸಿಯುಗೆ ಹೋದ. ಬದುಕಿ ಬಂದ.

ಈ ಪತ್ರ ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ. ಅದನ್ನು ಮೂರನೇ ರಾತ್ರಿ ಕೇಳುವ ಬದಲು ಮೊದಲ ಗಂಟೆಯಲ್ಲೇ ಕೇಳಿ ಎನ್ನುವುದು ನನ್ನ ಬೇಡಿಕೆ. ಸುಳ್ಳು ಹೇಳಿದವಳು ನಾನು, ಅದನ್ನು ಮರೆತಿಲ್ಲ. ಆದರೆ ಹತ್ತು ಜನರ ಮುಂದೆ, ತಲೆ ಎತ್ತದೆ, ಸಿಗರೇಟಿನ ಜೊತೆ ಸೇರಿಸಿ ಕೇಳಿದರೆ ಸುಳ್ಳೇ ಬರುತ್ತದೆ. ನಾಚಿಕೆ ಮನುಷ್ಯನ ಬಾಯಿ ಕಟ್ಟುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ?

ಆಮೇಲೆ ನಾನು ಈ ವಿಷಯವನ್ನು ಓದುತ್ತ, ವೈದ್ಯರನ್ನು ಕೇಳುತ್ತ ಹೋದೆ. ನಮ್ಮ ಮಿದುಳಿನಲ್ಲಿ ಕೆಲಸವನ್ನು ನಿಧಾನ ಮಾಡುವ ರಾಸಾಯನಿಕ ಒಂದು, ಚುರುಕು ಮಾಡುವುದು ಇನ್ನೊಂದು. ಗ್ಯಾಬಾ ತಡೆಯುತ್ತದೆ, ಗ್ಲುಟಮೇಟ್ ಓಡಿಸುತ್ತದೆ. ಮದ್ಯ ಒಳಗೆ ಹೋದಾಗ ತಡೆಯುವ ಕೈ ಬಲವಾಗುತ್ತದೆ, ಓಡಿಸುವ ಕೈ ಸೋಲುತ್ತದೆ. ದಿನಾ ಹೀಗೇ ಆದರೆ ಮಿದುಳು ಸುಮ್ನೆ ಕೂರುವುದಿಲ್ಲ. ಸಮತೋಲಕ್ಕಾಗಿ ತಡೆಯನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ಓಟವನ್ನು ಹೆಚ್ಚಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗೆ ಹೊಂದಿಕೊಂಡ ಮಿದುಳಿನಿಂದ ಒಂದು ದಿನ ಮದ್ಯವನ್ನು ಥಟ್ಟನೆ ಕಿತ್ತುಕೊಂಡರೆ? ತಡೆಯುವವರು ಯಾರೂ ಇಲ್ಲ, ಓಡಿಸುವವರು ಮಾತ್ರ ಇದ್ದಾರೆ. ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ನಿದ್ದೆ ಹಾರಿಹೋಗುತ್ತದೆ. ವೈದ್ಯರು ಇದನ್ನು ವಿತ್‌ಡ್ರಾವಲ್ ಎನ್ನುತ್ತಾರೆ. ಮನಸ್ಸು ಗಟ್ಟಿ ಇಲ್ಲದ್ದರಿಂದ ಕೈ ನಡುಗುತ್ತದೆ ಎಂದು ನಾವು ಮನೆಯಲ್ಲಿ ಅಣ್ಣನಿಗೆ ಎಷ್ಟು ಸಲ ಹೇಳಿದ್ದೆವೋ. ಆ ಮಾತುಗಳೆಲ್ಲ ತಪ್ಪು.

ಇದಕ್ಕೊಂದು ಗಡಿಯಾರ ಇದೆ. ಕೊನೆಯ ಗುಟುಕಿನಿಂದ ಅದು ಓಡತೊಡಗುತ್ತದೆ. ಸುಮಾರು 6 ರಿಂದ 12 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ತಲೆನೋವು, ಕಾರಣವಿಲ್ಲದ ದಿಗಿಲು. ಶಬ್ದ, ಬೆಳಕು ಸಹಿಸಲು ಆಗುವುದಿಲ್ಲ. ಎಷ್ಟೋ ಜನರಿಗೆ ಇಲ್ಲಿಗೇ ನಿಂತು, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಕೆಲವರಿಗೆ 12 ರಿಂದ 24 ಗಂಟೆಯ ಹೊತ್ತಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಮೈಮೇಲೆ ಏನೋ ಹರಿದಂತಾಗುತ್ತದೆ. ಆಗ ಅವರಿಗೆ ತಾವು ಎಲ್ಲಿದ್ದೇವೆ, ಎದುರಿಗಿರುವವರು ಯಾರು ಎಂಬುದು ಗೊತ್ತಿರುತ್ತದೆ. ಅಣ್ಣ "ನೋಡಿ ಬಾ" ಎಂದು ನನ್ನನ್ನು ಕಳಿಸಿದ್ದು ಆ ಹೊತ್ತಿನಲ್ಲಿ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ 6 ರಿಂದ 48 ಗಂಟೆಯೊಳಗೆ. ಮೊದಲೆಂದೂ ಫಿಟ್ಸ್ ಬಾರದವರಿಗೂ ಬರುತ್ತದೆ.

ಎಲ್ಲಕ್ಕಿಂತ ಭಯಂಕರವಾದದ್ದು 48 ರಿಂದ 96 ಗಂಟೆಯ ನಡುವೆ ಬರುವ ಸನ್ನಿ. ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ದಿನ ಯಾವುದು, ಜಾಗ ಯಾವುದು ಎಂಬುದೆಲ್ಲ ಅಳಿಸಿಹೋಗುತ್ತದೆ. ಜ್ವರ ಏರುತ್ತದೆ. ಮೈ ನೀರಾಗುತ್ತದೆ. ನಾಡಿ ಓಡುತ್ತದೆ. ವಿತ್‌ಡ್ರಾವಲ್‌ಗೆ ಒಳಗಾದ ನೂರು ಜನರಲ್ಲಿ ಸುಮಾರು 3 ರಿಂದ 5 ಜನರಿಗೆ ಇದು ಬರುತ್ತದೆ. ಸರಿಯಾದ ಚಿಕಿತ್ಸೆ ಇಲ್ಲದ ಹಿಂದಿನ ಕಾಲದಲ್ಲಿ ಇದು ಬಂದವರಲ್ಲಿ ಮೂರನೇ ಒಂದು ಭಾಗದಷ್ಟು ಜನ ಸಾಯುತ್ತಿದ್ದರು ಎಂಬ ದಾಖಲೆಗಳಿವೆ. ಇಂದು ಬೇಗ ಗುರುತಿಸಿ ಚಿಕಿತ್ಸೆ ಕೊಟ್ಟರೆ ಸಾವು ನೂರಕ್ಕೆ 5ಕ್ಕಿಂತ ಕಡಿಮೆ. ಆ ವ್ಯತ್ಯಾಸದ ದೊಡ್ಡ ಪಾಲು ಬೇಗ ಗುರುತಿಸಿ ಚಿಕಿತ್ಸೆ ಕೊಡುವುದರಲ್ಲಿದೆ.

ಗಡಿಯಾರದ ಬಗ್ಗೆ ಇನ್ನೊಂದು ಮಾತು. ಬಾಯಲ್ಲಿ ಇನ್ನೂ ವಾಸನೆ ಇದೆ, ಆದ್ದರಿಂದ ವಿತ್‌ಡ್ರಾವಲ್ ಇರಲಾರದು ಎಂದುಕೊಳ್ಳುವುದು ತಪ್ಪು. ದೇಹ ಜಾಸ್ತಿ ಪ್ರಮಾಣಕ್ಕೆ ಒಗ್ಗಿಹೋಗಿದ್ದರೆ, ರಕ್ತದಲ್ಲಿ ಮದ್ಯ ಪೂರ್ತಿ ಇಳಿಯುವ ಮುಂಚೆಯೇ ನಡುಕ ಶುರುವಾಗಬಹುದು. ರಕ್ತದೊತ್ತಡಕ್ಕೆಂದು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿಯ ಓಟ, ನಡುಕ ಎರಡೂ ಮರೆಯಾಗಿ ಕಾಣಬಹುದು. ಅದಕ್ಕೇ ನೋಡಿದರೆ ಸಾಲದು, ಕೇಳಬೇಕು.

ಇವೆಲ್ಲ ಹೊಸದಾಗಿ ಕಂಡುಹಿಡಿದದ್ದಲ್ಲ. ಡೆಲಿರಿಯಂ ಟ್ರೆಮೆನ್ಸ್ ಎಂಬ ಹೆಸರನ್ನು ಥಾಮಸ್ ಸಟ್ಟನ್ ಎಂಬ ಇಂಗ್ಲೆಂಡಿನ ವೈದ್ಯರು ಕೊಟ್ಟದ್ದು 1813ರಲ್ಲಿ. ಆದರೆ ಇದು ಕುಡಿದದ್ದರಿಂದ ಬರುತ್ತದೋ, ನಿಲ್ಲಿಸಿದ್ದರಿಂದ ಬರುತ್ತದೋ, ಸರಿಯಾಗಿ ಉಣ್ಣದ್ದರಿಂದ ಬರುತ್ತದೋ ಎಂಬ ವಾದ ನೂರು ವರ್ಷಕ್ಕೂ ಜಾಸ್ತಿ ನಡೆಯಿತು. 1955ರಲ್ಲಿ ಅಮೆರಿಕದ ಹ್ಯಾರಿಸ್ ಇಸ್ಬೆಲ್ ಮತ್ತು ಜೊತೆಗಾರರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ಹತ್ತು ಜನರಿಗೆ ಒಳ್ಳೆಯ ಊಟ, ವಿಟಮಿನ್ ಕೊಡುತ್ತಲೇ ವಾರಗಟ್ಟಲೆ ಮದ್ಯ ಕೊಟ್ಟು, ಆಮೇಲೆ ಥಟ್ಟನೆ ನಿಲ್ಲಿಸಿದರು. ಬಹಳ ದಿನ ಕುಡಿದವರಲ್ಲಿ ಫಿಟ್ಸ್, ಸನ್ನಿ ಕಾಣಿಸಿಕೊಂಡವು. ಅಂಥ ಪ್ರಯೋಗಕ್ಕೆ ಇಂದು ಯಾರೂ ಒಪ್ಪಿಗೆ ಕೊಡಲಾರರು, ಕೊಡಬಾರದು ಕೂಡ. ಅದನ್ನು ಓದುವಾಗ ನನಗೆ ಆ ಹತ್ತು ಜನರ ಬಗ್ಗೆಯೇ ಯೋಚನೆ ಬರುತ್ತಿತ್ತು. ಆದರೆ ಕಾರಣ ಯಾವುದು ಎಂಬ ವಾದಕ್ಕೆ ಅಲ್ಲಿ ಉತ್ತರ ಸಿಕ್ಕಿತು. ಥಟ್ಟನೆ ನಿಲ್ಲಿಸುವುದೇ ಕಾರಣ.

ಚಿಕಿತ್ಸೆಯೂ ಹೊಸದಲ್ಲ. 1969ರಲ್ಲಿ 537 ರೋಗಿಗಳ ಮೇಲೆ ನಡೆದ, ಔಷಧಿಗಳ ಒಂದು ದೊಡ್ಡ ಹೋಲಿಕೆ ಪ್ರಕಟವಾಯಿತು. ಕ್ಲೋರ್‌ಡಯಾಜೆಪಾಕ್ಸೈಡ್ ಎಂಬ, ನರಗಳನ್ನು ಶಾಂತಗೊಳಿಸುವ ಔಷಧಿ ಪಡೆದವರಲ್ಲಿ ಫಿಟ್ಸ್, ಸನ್ನಿ ಎರಡೂ ಕಡಿಮೆಯಾಗಿದ್ದವು. ಅದೇ ಗುಂಪಿನ ಡಯಾಜೆಪಾಮ್, ಲೊರಾಜೆಪಾಮ್ ಇಂದು ಎಲ್ಲೆಡೆ ಬಳಕೆಯಲ್ಲಿವೆ. ಇವು ಗ್ಯಾಬಾದ ತಡೆಯನ್ನು ಮತ್ತೆ ಬಲಪಡಿಸುತ್ತವೆ, ಆಮೇಲೆ ಪ್ರಮಾಣವನ್ನು ದಿನದಿನಕ್ಕೆ ಇಳಿಸುತ್ತ ಬರುತ್ತಾರೆ. ಲಿವರ್ ಹಾಳಾದವರಿಗೆ, ವಯಸ್ಸಾದವರಿಗೆ ಲೊರಾಜೆಪಾಮ್‌ನಂಥದ್ದನ್ನು ಆರಿಸುತ್ತಾರೆ. ಅದೇ 1969ರ ಹೋಲಿಕೆಯಲ್ಲಿ ಮನೋರೋಗಕ್ಕೆ ಕೊಡುವ ಕ್ಲೋರ್‌ಪ್ರೊಮಝೀನ್ ಪಡೆದವರಲ್ಲಿ ಫಿಟ್ಸ್ ಹೆಚ್ಚಾಗಿತ್ತು. ಇದನ್ನು ಒತ್ತಿ ಹೇಳಲು ಕಾರಣವಿದೆ. ಗಲಾಟೆ ಮಾಡುವ ರೋಗಿಯನ್ನು ಸುಮ್ಮನಿರಿಸಲು ಮನೋರೋಗದ ಇಂಜೆಕ್ಷನ್ ಒಂದನ್ನೇ ಕೊಟ್ಟರೆ ಅವನು ಸದ್ದಿಲ್ಲದೆ ಮಲಗಬಹುದು. ಫಿಟ್ಸಿನ ಅಪಾಯ ಹಾಗೇ ಉಳಿಯುತ್ತದೆ, ಹೆಚ್ಚಲೂಬಹುದು.

1989ರಿಂದ ವಿತ್‌ಡ್ರಾವಲ್ ಅಳೆಯುವ ಪಟ್ಟಿಯೊಂದು ಬಳಕೆಯಲ್ಲಿದೆ. ಸೀವಾ ಎನ್ನುತ್ತಾರೆ. ಹತ್ತೇ ಅಂಶ. ವಾಕರಿಕೆ, ನಡುಕ, ಬೆವರು, ದಿಗಿಲು, ಚಡಪಡಿಕೆ, ಮೈಮೇಲೆ ಹರಿದಂತಾಗುವುದು, ಕೇಳುವುದು, ಕಾಣುವುದು, ತಲೆನೋವು, ದಿನ ಮತ್ತು ಜಾಗದ ಅರಿವು. ಒಟ್ಟು 67 ಅಂಕ. ಪಳಗಿದ ಸಿಸ್ಟರ್ ಒಬ್ಬರಿಗೆ ಐದು ನಿಮಿಷ ಸಾಕು. ಯಂತ್ರ ಬೇಡ, ರಕ್ತಪರೀಕ್ಷೆ ಬೇಡ. ಒಂದು ಹಾಳೆ, ಒಂದು ಪೆನ್ನು. ಅಂಕ ನೋಡಿ ಔಷಧಿ ಕೊಟ್ಟರೆ ಏನಾಗುತ್ತದೆ ಎಂದು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಇಷ್ಟು ಗಂಟೆಗೊಮ್ಮೆ ಇಷ್ಟು ಎಂದು ಮೊದಲೇ ಗೊತ್ತುಮಾಡಿ ಔಷಧಿ ಕೊಟ್ಟ ರೋಗಿಗಳಿಗೆ, ಮಧ್ಯದ ಲೆಕ್ಕ ಹಿಡಿದರೆ, 68 ಗಂಟೆ ಔಷಧಿ ಬೇಕಾಯಿತು. ಲಕ್ಷಣ ನೋಡಿ ಕೊಟ್ಟ ರೋಗಿಗಳಿಗೆ 9 ಗಂಟೆ ಸಾಕಾಯಿತು. ಆದರೆ ಮಾತಾಡಿ ಉತ್ತರ ಹೇಳಬಲ್ಲ ರೋಗಿಗೆ ಮಾತ್ರ ಈ ಪಟ್ಟಿ. ಸನ್ನಿ ಹಿಡಿದ ಮೇಲೆ, ಮೊದಲೇ ಫಿಟ್ಸ್ ಬಂದವರಲ್ಲಿ, ಅಂಕಕ್ಕಾಗಿ ಕಾಯುವಂತಿಲ್ಲ.

ಇನ್ನು ಥಯಮಿನ್, ಅಂದರೆ ಬಿ1 ವಿಟಮಿನ್. ಬಹಳ ವರ್ಷ ಕುಡಿದವರಲ್ಲಿ ಇದು ಬರಿದಾಗಿರುತ್ತದೆ. ಊಟ ಕಡಿಮೆ, ಕರುಳು ಹೀರಿಕೊಳ್ಳುವುದೂ ಕಡಿಮೆ. ಇದಿಲ್ಲದಿದ್ದರೆ ಮಿದುಳಿನ ಒಳಭಾಗಗಳು ಹಾಳಾಗುತ್ತವೆ. 1881ರಲ್ಲೇ ಕಾರ್ಲ್ ವೆರ್ನಿಕೆ ಇದನ್ನು ವಿವರಿಸಿದರು. ಗೊಂದಲ, ಕಣ್ಣಿನ ಚಲನೆಯಲ್ಲಿ ತೊಡಕು, ನಡಿಗೆಯಲ್ಲಿ ಓಲಾಟ. ಈ ಮೂರೂ ಒಟ್ಟಿಗೆ ಕಾಣುವುದು ಕಡಿಮೆ ಜನರಲ್ಲಿ, ಹಾಗಾಗಿ ಮೂರೂ ಬರಲಿ ಎಂದು ಕಾದರೆ ತಡವಾಗುತ್ತದೆ. ತಡವಾದವರಲ್ಲಿ ಕೆಲವರಿಗೆ ಹೊಸ ನೆನಪು ನಿಲ್ಲುವುದೇ ಇಲ್ಲ. ಈಗ ಹೇಳಿದ್ದು ಇನ್ನೊಂದು ಗಳಿಗೆಗೆ ಇರುವುದಿಲ್ಲ. ಅಪಾಯವಿರುವವರಿಗೆ ಥಯಮಿನ್ ಇಂಜೆಕ್ಷನ್ ಮೂಲಕವೇ ಹೋಗಬೇಕು, ಮಾತ್ರೆ ಸಾಲದು. ಗ್ಲುಕೋಸ್ ಡ್ರಿಪ್ ಹಾಕುವ ಮುಂಚೆ ಅಥವಾ ಅದರ ಜೊತೆಗೇ ಕೊಡಬೇಕು, ಏಕೆಂದರೆ ಗ್ಲುಕೋಸ್ ಉರಿಸಲು ದೇಹ ಇದ್ದಬದ್ದ ಥಯಮಿನ್ ಬಳಸಿಬಿಡುತ್ತದೆ. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿದ್ದರೆ ಮಾತ್ರ ಗ್ಲುಕೋಸ್ ತಡಮಾಡುವಂತಿಲ್ಲ. ಅಣ್ಣನಿಗೆ ಮೊದಲ ಎರಡು ದಿನ ಬರೀ ಗ್ಲುಕೋಸ್ ಹೋಗಿತ್ತು. ಅವನ ನೆನಪು ಉಳಿಯಿತು. ಉಳಿಯದವರ ಮನೆಯವರನ್ನೂ ನಾನು ಆಮೇಲೆ ಭೇಟಿಯಾಗಿದ್ದೇನೆ.

ಇಷ್ಟೆಲ್ಲ ತಿಳಿದ ಮೇಲೆ ನಿಮ್ಮ ಮುಂದೆ ನನ್ನ ಕೋರಿಕೆ ಇಡುತ್ತೇನೆ.

ದಾಖಲಾಗುವ ಪ್ರತಿಯೊಬ್ಬರನ್ನೂ ಕೇಳಿ. ಮೂಳೆ ಮುರಿದು ಬಂದವರನ್ನು, ಆಪರೇಷನ್‌ಗೆ ಬಂದವರನ್ನು, ಹೆಂಗಸರನ್ನು, ವಯಸ್ಸಾದವರನ್ನು, ಒಳ್ಳೆಯ ಬಟ್ಟೆ ತೊಟ್ಟವರನ್ನು. ನೋಡಲು ಕುಡಿಯುವವರ ಹಾಗೆ ಇಲ್ಲ ಎಂದು ಬಿಡಬೇಡಿ. ಕುಡಿತ ಬಿಡಿಸುವ ವಾರ್ಡಿನಲ್ಲಿ ವಿತ್‌ಡ್ರಾವಲ್ ಯಾರ ಕಣ್ಣಿಗೂ ತಪ್ಪುವುದಿಲ್ಲ. ಅದು ತಪ್ಪಿಹೋಗುವುದು ಮೂಳೆಯ ವಾರ್ಡಿನಲ್ಲಿ, ಹೊಟ್ಟೆಯ ವಾರ್ಡಿನಲ್ಲಿ. ಬೇರೆ ಯಾವುದೋ ಕಾರಣಕ್ಕೆ ಹಾಸಿಗೆ ಹಿಡಿದವರಿಗೆ ಅಂದೇ ಕುಡಿತವೂ ನಿಂತಿರುತ್ತದೆ. ಅದು ಅವರ ತೀರ್ಮಾನವಲ್ಲ. ಮೂರನೇ ದಿನಕ್ಕೆ ಸನ್ನಿ ಬಂದಾಗ ಆಪರೇಷನ್ನಿನಿಂದ ಅಂತಲೋ, ಜ್ವರದಿಂದ ಅಂತಲೋ ಹೇಳಿ ಮುಗಿಸಲಾಗುತ್ತದೆ.

ಕೇಳುವಾಗ ಪರದೆ ಎಳೆದು ಕೇಳಿ. ರೋಗಿಯನ್ನು ಒಬ್ಬರನ್ನೇ ಕೇಳಿ, ಮನೆಯವರನ್ನು ಬೇರೆಯಾಗಿ ಕೇಳಿ. "ಇದು ಬೈಯಲಿಕ್ಕೆ ಅಲ್ಲ, ಔಷಧಿ ಕೊಡಲಿಕ್ಕೆ ಬೇಕು" ಎಂದು ಮೊದಲೇ ಹೇಳಿ. ಆ ಒಂದು ಮಾತು ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆ. ಕೊನೆಯ ಸಲ ಯಾವಾಗ, ಬೆಳಿಗ್ಗೆ ಕೈ ನಿಲ್ಲಲು ಕುಡಿಯಬೇಕಾಗುತ್ತದೆಯೇ, ಹಿಂದೆ ನಿಲ್ಲಿಸಿದಾಗ ಫಿಟ್ಸ್ ಅಥವಾ ಸನ್ನಿ ಬಂದಿತ್ತೇ. ಈ ಮೂರು ಸಿಕ್ಕರೆ ದೊಡ್ಡ ಭಾಗ ಸಿಕ್ಕ ಹಾಗೆ. ನಿದ್ದೆ ಮಾತ್ರೆಯ ಅಭ್ಯಾಸ ಇದೆಯೇ ಎಂಬುದನ್ನೂ ಸೇರಿಸಿ, ಏಕೆಂದರೆ ಅದನ್ನು ಥಟ್ಟನೆ ನಿಲ್ಲಿಸಿದರೂ ಹೀಗೇ ಆಗುತ್ತದೆ. ಉತ್ತರವನ್ನು ಗಂಟೆ ಸಮೇತ ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆಯಿರಿ, ಅರಿವಳಿಕೆ ಕೊಡುವ ವೈದ್ಯರ ಕಣ್ಣಿಗೆ ಬೀಳುವ ಹಾಗೆ.

ರಾತ್ರಿ ಎರಡು ಗಂಟೆಗೂ ಲೊರಾಜೆಪಾಮ್, ಡಯಾಜೆಪಾಮ್, ಥಯಮಿನ್ ಇಂಜೆಕ್ಷನ್ ಸಿಗುವ ಹಾಗೆ ನೋಡಿಕೊಳ್ಳಿ. ಬೀಗದ ಕೈ ಯಾರ ಬಳಿ ಇದೆ ಎಂದು ಹುಡುಕುವ ಹೊತ್ತಲ್ಲ ಅದು. ಕೈಕಾಲು ಕಟ್ಟುವುದು ಮೊದಲ ಉಪಾಯ ಆಗಬಾರದು. ಕಟ್ಟಿದ ಮನುಷ್ಯ ಇನ್ನೂ ಹೆದರುತ್ತಾನೆ, ಇನ್ನೂ ಎಳೆದಾಡುತ್ತಾನೆ, ಮೈ ಇನ್ನೂ ಸುಡುತ್ತದೆ. ಮಂದ ಬೆಳಕು, ಕಡಿಮೆ ಸದ್ದು, ಗುರುತಿನ ಒಂದು ಮುಖ, ಇದು ಯಾವ ಜಾಗ ಎಂದು ಮತ್ತೆ ಮತ್ತೆ ಹೇಳುವ ಒಂದು ದನಿ. ಇವುಗಳಿಂದ ಆಗುವ ಉಪಕಾರ ಸಣ್ಣದಲ್ಲ. ಅಣ್ಣನ ಮಣಿಕಟ್ಟಿನಲ್ಲಿ ಕಟ್ಟಿದ್ದ ಪಟ್ಟಿಯ ಗುರುತು ಬಹಳ ದಿನ ಇತ್ತು.

ಇನ್ನೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಕುಡಿಯುತ್ತಾನೆ ಎಂದು ಗೊತ್ತಾದ ಮೇಲೆ ಎಲ್ಲವನ್ನೂ ಕುಡಿತದ ಲೆಕ್ಕಕ್ಕೆ ಹಾಕಿಬಿಡುವುದೂ ನಡೆಯುತ್ತದೆ. ಕುಡಿಯುವವರು ಬೀಳುತ್ತಾರೆ, ತಲೆಯೊಳಗೆ ರಕ್ತ ಸೋರಿರಬಹುದು. ಸಕ್ಕರೆ ಇಳಿದಿರಬಹುದು. ನ್ಯುಮೋನಿಯಾ ಇರಬಹುದು. ಲಿವರ್ ಸೋತು ಮಂಪರು ಬಂದಿರಬಹುದು. ಅಣ್ಣನ ತಲೆಯ ಸ್ಕ್ಯಾನ್ ಮಾಡಿಸಿದ್ದು ಸರಿಯಾಗಿಯೇ ಇತ್ತು. ಅದರ ಜೊತೆ ಆ ಪ್ರಶ್ನೆಯೂ ಇರಬೇಕಿತ್ತು, ಅಷ್ಟೇ.

ಈ ಪತ್ರವನ್ನು ಕುಡಿಯುವವರ ಮನೆಯವರೂ ಓದಬಹುದು. ನಿಮಗೆ ನಾಲ್ಕು ಮಾತು.

ದಿನಾ ಜಾಸ್ತಿ ಕುಡಿಯುವವರನ್ನು ಇದ್ದಕ್ಕಿದ್ದಂತೆ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಪ್ರೀತಿಯಿಂದಲೇ ಹಾಗೆ ಮಾಡುತ್ತೀರಿ, ನನಗೆ ಗೊತ್ತು. ಆದರೆ ಅದರಿಂದ ಜೀವ ಹೋಗಬಹುದು. ಬಿಡಬೇಕೆಂದು ಅವರಿಗೇ ಮನಸ್ಸಾದ ದಿನ, ಮೊದಲು ವೈದ್ಯರನ್ನು ಕಾಣಿ. ಲಕ್ಷಣ ಹಗುರವಾಗಿದ್ದು, ಎಚ್ಚರದಲ್ಲಿರುವ ಒಬ್ಬರು ಜೊತೆಗಿದ್ದು, ವೈದ್ಯರು ದಿನಾ ನೋಡುವಂತಿದ್ದರೆ ಮನೆಯಲ್ಲೇ ಆಗಬಹುದು. ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದಿದ್ದವರಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ, ಲಿವರ್ ಅಥವಾ ಹೃದಯದ ಕಾಯಿಲೆ ಇರುವವರಿಗೆ, ಸಾಯುವ ಮಾತಾಡುವವರಿಗೆ ಆಸ್ಪತ್ರೆಯೇ ಬೇಕು. ವೈದ್ಯರು ಸಿಗುವವರೆಗೆ ಥಟ್ಟನೆ ಪೂರ್ತಿ ನಿಲ್ಲಿಸದಿರುವುದೇ ಕ್ಷೇಮ. ಈ ಮಾತು ಹೇಳುವುದು ನನಗೂ ಕಷ್ಟ. ಕುಡಿತ ಕಂಡರೇ ಸಿಟ್ಟು ಬರುವ ಮನೆಯಲ್ಲಿ ಬೆಳೆದವಳು ನಾನು. ಆದರೂ ಇದು ನಿಜ.

ನೀರು, ಗಂಜಿಯಂಥ ತೆಳು ಆಹಾರ, ಶಾಂತವಾದ ಕೋಣೆ ಒಳ್ಳೆಯದೇ. ಆದರೆ ಅವು ಫಿಟ್ಸನ್ನು ತಡೆಯುವುದಿಲ್ಲ. ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನೀವೇ ಕೊಡಬೇಡಿ. ಮದ್ಯದ ಮೇಲೆ ಆ ಮಾತ್ರೆ ಬಿದ್ದರೆ ಉಸಿರೇ ನಿಧಾನವಾಗಿ ನಿಂತುಹೋಗಬಹುದು. ಫಿಟ್ಸ್ ಬಂದರೆ ಕೈಕಾಲು ಅದುಮಿ ಹಿಡಿಯಬೇಡಿ, ಬಾಯಿಗೆ ಚಮಚವನ್ನಾಗಲಿ ಬೆರಳನ್ನಾಗಲಿ ತುರುಕಬೇಡಿ, ನೀರು ಹಾಕಬೇಡಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ. ಸುತ್ತಲಿನ ಗಟ್ಟಿ ವಸ್ತು ಸರಿಸಿ. ನಡುಕ ನಿಂತಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ. ಆಂಬುಲೆನ್ಸ್ ಕರೆಯಿರಿ. ಫಿಟ್ಸ್ ನಿಂತಿತಲ್ಲ ಎಂದು ಮನೆಯಲ್ಲೇ ಉಳಿಸಿಕೊಳ್ಳಬೇಡಿ. ಗುರುತು ತಪ್ಪುವುದು, ಇಲ್ಲದ್ದು ಕಾಣುವುದು, ಜ್ವರ, ನಿಲ್ಲದ ವಾಂತಿ, ಎದೆ ವಿಪರೀತ ಹೊಡೆದುಕೊಳ್ಳುವುದು, ಇವುಗಳಲ್ಲಿ ಯಾವುದು ಬಂದರೂ ಬೆಳಗಾಗಲಿ ಎಂದು ಕಾಯಬೇಡಿ. ಹೋದಕೂಡಲೇ, ಕೇಳುವವರು ಕೇಳದಿದ್ದರೂ, ಕೊನೆಯ ಸಲ ಕುಡಿದ ಗಂಟೆಯನ್ನು ನೀವೇ ಹೇಳಿ.

ಮತ್ತೆ ವೈದ್ಯರಿಗೆ ಬರುತ್ತೇನೆ. ನಡುಕ ನಿಂತ ದಿನ ಡಿಸ್ಚಾರ್ಜ್ ಆಗುತ್ತದೆ. "ಇನ್ನು ಕುಡಿಯಬೇಡಿ" ಎಂಬ ಮಾತು ಕೊಟ್ಟು ಕಳಿಸುತ್ತೀರಿ. ಅಣ್ಣನನ್ನೂ ಹಾಗೇ ಕಳಿಸಿದರು. ನಿದ್ದೆ ಸರಿಯಾಗಲು ಎಷ್ಟೋ ವಾರ ಬೇಕು, ಮನಸ್ಸು ತಿಂಗಳುಗಟ್ಟಲೆ ತೂಗಾಡುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಾಲ್ಕು ತಿಂಗಳಿಗೆ ಮತ್ತೆ ಶುರು ಮಾಡಿದ. ಪ್ರತಿ ಸಲ ನಿಲ್ಲಿಸಿ ಮತ್ತೆ ಕುಡಿದಾಗಲೂ ಮುಂದಿನ ವಿತ್‌ಡ್ರಾವಲ್ ಇನ್ನೂ ಜೋರಾಗಿ ಬರುವ ಸಂಭವ ಹೆಚ್ಚು. ಒಣಗಿದ ಕಡ್ಡಿ ಸಣ್ಣ ಕಿಡಿಗೂ ಹತ್ತಿಕೊಳ್ಳುವ ಹಾಗೆ. ಹಾಗಾಗಿ ನಡುಕ ನಿಲ್ಲಿಸಿ ಕಳಿಸಿದರೆ ಅರ್ಧ ಕೆಲಸ ಮಾತ್ರ.

ಉಳಿದ ಅರ್ಧಕ್ಕೂ, ಅಂದರೆ ಮತ್ತೆ ಕುಡಿತಕ್ಕೆ ಬೀಳದಿರಲು, ಔಷಧಿಗಳಿವೆ. ನಾಲ್ಟ್ರೆಕ್ಸೋನ್ ಮತ್ತು ಅಕ್ಯಾಂಪ್ರೊಸೇಟ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅಫೀಮಿನ ಗುಂಪಿನ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ನಾಲ್ಟ್ರೆಕ್ಸೋನ್ ಆಗುವುದಿಲ್ಲ. ಮೂತ್ರಪಿಂಡ ತೀರ ಸೋತವರಿಗೆ ಅಕ್ಯಾಂಪ್ರೊಸೇಟ್ ಆಗುವುದಿಲ್ಲ. ಹಳೆಯದಾದ ಡೈಸಲ್ಫಿರಾಮ್ ಕೂಡ ಇದೆ. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದು, ವಾಂತಿಯಾಗಿ, ಕೆಲವೊಮ್ಮೆ ಜೀವಕ್ಕೇ ಬರುತ್ತದೆ. ಅದಕ್ಕೇ ಒಂದು ಮಾತು ದಯವಿಟ್ಟು ಮನೆಯವರಿಗೆ ಹೇಳಿ ಕಳಿಸಿ: ರೋಗಿಗೆ ತಿಳಿಸದೆ ಊಟದಲ್ಲಿ ಈ ಮಾತ್ರೆ ಬೆರೆಸುವುದು ಉಪಕಾರವಲ್ಲ, ಅದು ಕೊಲ್ಲಬಹುದು. ನಮಗೂ ಒಬ್ಬರು ಹಾಗೆ ಮಾಡಲು ಹೇಳಿದ್ದರು. ಅತ್ತಿಗೆ ಒಪ್ಪಲಿಲ್ಲ. ಅವರಿಗೆ ನಾನು ಇವತ್ತಿಗೂ ಕೃತಜ್ಞಳು.

ಇದು ನಮ್ಮ ಒಂದು ಮನೆಯ ವಿಷಯ ಅಂದುಕೊಳ್ಳಬೇಡಿ. ಜಗತ್ತಿನಲ್ಲಿ ಸುಮಾರು 20.9 ಕೋಟಿ ಜನ ಮದ್ಯದ ಅವಲಂಬನೆಯಲ್ಲಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜು. ಅವರಲ್ಲಿ ಯಾರಾದರೂ ಒಬ್ಬರು ಇವತ್ತು ಕೂಡ ನಿಮ್ಮ ವಾರ್ಡಿನಲ್ಲಿ, ಬೇರೆ ಯಾವುದೋ ಕಾಯಿಲೆಯ ಹೆಸರಿನಲ್ಲಿ, ಕೈಯನ್ನು ಹೊದಿಕೆಯೊಳಗೆ ಮುಚ್ಚಿಟ್ಟುಕೊಂಡು ಮಲಗಿರಬಹುದು.

ಎರಡನೇ ಸಲ ನಾವು ಮುಂಚೆಯೇ ದಿನ ಗೊತ್ತುಮಾಡಿಕೊಂಡು ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿಯ ಸಿಸ್ಟರ್ ಪರದೆ ಎಳೆದರು. ನನ್ನನ್ನು ಹೊರಗೆ ಕೂರಲು ಹೇಳಿದರು. ಪರದೆಯ ಆಚೆಯಿಂದ ಆ ಪ್ರಶ್ನೆ ಕೇಳಿಸಿತು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಇವತ್ತು ಬೆಳಿಗ್ಗೆ ಆರೂವರೆಗೆ" ಅಂದ. ಅವರು "ಸರಿ" ಎಂದು ಬರೆದುಕೊಂಡರು. ಮಧ್ಯಾಹ್ನಕ್ಕೆ ಮುಂಚೆ ಥಯಮಿನ್ ಹೋಗಿತ್ತು. ಮೂರನೇ ರಾತ್ರಿ ಅವನು ನಿದ್ದೆ ಮಾಡಿದ. ಪಕ್ಕದ ಕುರ್ಚಿಯಲ್ಲಿ ನಾನೂ ಮಲಗಿದ್ದೆ.

ನಿಮ್ಮ ದಾಖಲಾತಿಯ ಹಾಳೆಯಲ್ಲಿ 'ಅಭ್ಯಾಸಗಳು' ಎಂಬ ಆ ಸಾಲು ಈಗಲೂ ಇದ್ದರೆ, ಅದನ್ನು ತೆಗೆದು 'ಕೊನೆಯ ಸಲ ಕುಡಿದದ್ದು: ದಿನ, ಗಂಟೆ' ಎಂದು ಅಚ್ಚು ಹಾಕಿಸಿ. ಹಾಕಿಸಿದ ಆಸ್ಪತ್ರೆಯವರು ಯಾರಾದರೂ ನನಗೆ ತಿಳಿಸಿದರೆ ತುಂಬ ಸಂತೋಷವಾಗುತ್ತದೆ.

ಇಂತಿ,
ಒಬ್ಬ ರೋಗಿಯ ತಂಗಿ